ಒಂದು ಮನೆ, ಇಬ್ಬರು ನೆಗೆಣ್ಣಿಯರು

“ಒಂದ ಮನ್ಯಾಗ ಇಬ್ಬರು ಸೊಸ್ತ್ಯಾರು ಇದ್ದರ ಜಗಳಾ ಬಿಟ್ಟು ಮತ್ತೇನ ಆಗ್ತೈತ್ರಿ ಅಕ್ಕೋರ?”

ಬಾಗಲಕೋಟೆಯ ನವನಗರದ ಒಂದು ಕಂಪ್ಯೂಟರ್ ಅಂಗಡಿಯಾತ ಹೀಗೆ ಕೇಳಿದಾಗ ಅಲ್ಲಿ ನಿಂತಿದ್ದ ನಾಲ್ಕು ಜನ ಗಂಡಸರು ಬಾಯಿತುಂಬ ನಕ್ಕರು. ನನಗೆ ನಗು ಬರಲಿಲ್ಲ. ನಾನು ಅವನ ಹತ್ತಿರ ಸಂಸಾರದ ಸಲಹೆ ಕೇಳಲು ಹೋದವಳಲ್ಲ. ನನ್ನ ಹಳೆಯ ಗಣಕಯಂತ್ರದಲ್ಲಿ ಈಗಿರುವ ವಿಂಡೋಸ್ ಇದ್ದ ಹಾಗೇ ಇರಲಿ, ಅದರ ಪಕ್ಕದಲ್ಲೇ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಹಾಕಿಕೊಡುತ್ತೀರಾ ಎಂದಷ್ಟೇ ಕೇಳಿದ್ದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಅದು ಬಿಟ್ಟು ಯಂತ್ರದ ಮಾತಿಗೂ ಹೆಣ್ಣುಮಕ್ಕಳ ಜಗಳವನ್ನೇ ಎಳೆದು ತರಬೇಕೆ?

ಸರಿಯಾದ ಉತ್ತರ ನನಗೆ ಹೊಳೆದದ್ದು ಹುನಗುಂದದ ಬಸ್ಸು ಹತ್ತಿ ಕೂತ ಮೇಲೆ. ಯಾವಾಗಲೂ ಹೀಗೇ ಆಗುತ್ತದೆ, ನಿಮಗೂ ಆಗಿರಬೇಕು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವನು ಓದಲಿ ಬಿಡಲಿ, ನೀವು ಓದಿದರೆ ಸಾಕು.

ನಾನು ಮದುವೆಯಾಗಿ ಹುನಗುಂದದ ಮನೆಗೆ ಬಂದಾಗ ಅಲ್ಲಿ ಆಗಲೇ ಒಬ್ಬ ಸೊಸೆ ಇದ್ದಳು. ನನ್ನ ನೆಗೆಣ್ಣಿ, ಬೆಂಗಳೂರು ಕಡೆಯವರು ವಾರಗಿತ್ತಿ ಅನ್ನುತ್ತಾರಲ್ಲ, ಅದು. ನಾನು ಸಾಲೆಗೆ ಹೋಗುವವಳು, ಅವಳು ಹೊಲಮನೆ ನೋಡುವವಳು. ಅಡಿಗೆಮನೆ ಒಂದೇ. ಅವಳ ಸರದಿಯಲ್ಲಿ ಅವಳು ರೊಟ್ಟಿ ಬಡಿದಳು, ನನ್ನ ಸರದಿಯಲ್ಲಿ ನಾನು. ಹೀಗೆ ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕಳೆದೆವು. ಜಗಳ ಆಗಲೇ ಇಲ್ಲವೇ? ಆಯಿತು. ಉಪ್ಪಿನ ಡಬ್ಬಿ ಯಾವ ಮಾಡದಲ್ಲಿ ಇಡಬೇಕು ಎಂಬುದಕ್ಕೆ ಆಯಿತು. ಆದರೆ ಮನೆ ಪಾಲಾದದ್ದು ಉಪ್ಪಿನ ಡಬ್ಬಿಯಿಂದಲ್ಲ, ಅಣ್ಣತಮ್ಮಂದಿರ ಹೊಲದ ಬದುವಿನಿಂದ. ಈ ಸಂಗತಿಯನ್ನು ಮಾತ್ರ ಯಾವ ಗಾದೆಯೂ ಹೇಳುವುದಿಲ್ಲ.

ಒಂದು ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆ ಇರುವುದೂ ಇಷ್ಟೇ. ಗುಂಡಿ ಒತ್ತಿದ ಕೂಡಲೇ ಒಳಗಿನ ಹಲಗೆಯ ಮೇಲಿರುವ ಒಂದು ಸಣ್ಣ ತಂತ್ರಾಂಶ ಎಚ್ಚರವಾಗಿ, ಡಿಸ್ಕಿನಲ್ಲಿ ಯಾರನ್ನು ಎಬ್ಬಿಸಬೇಕು ಎಂದು ನೋಡುತ್ತದೆ. ಅಲ್ಲಿ ಬಾಗಿಲಲ್ಲೇ ಗ್ರಬ್ ಎಂಬುದೊಂದು ಕೂತಿರುತ್ತದೆ. ಕಪ್ಪು ಪರದೆಯ ಮೇಲೆ ಎರಡು ಹೆಸರು ಬರೆದು “ಇವತ್ತು ಯಾರ ಸರದಿ?” ಎಂದು ಕೇಳುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಕಾಯುತ್ತದೆ. ನಾವು ಸುಮ್ಮನಿದ್ದರೆ ಮೊದಲ ಹೆಸರಿನವಳನ್ನು ಎಬ್ಬಿಸುತ್ತದೆ. ಬಾಣದ ಗುರುತಿನ ಗುಂಡಿ ಒತ್ತಿ ಎರಡನೆಯವಳನ್ನು ತೋರಿಸಿದರೆ ಅವಳನ್ನು. ಒಂದು ಹೊತ್ತಿಗೆ ಕೆಲಸ ಮಾಡುವವಳು ಒಬ್ಬಳೇ, ಇನ್ನೊಬ್ಬಳು ತನ್ನ ಕೋಣೆಯಲ್ಲಿ ನಿದ್ರೆ ಮಾಡುತ್ತಿರುತ್ತಾಳೆ. ಇಬ್ಬರೂ ಒಟ್ಟಿಗೆ ಎದ್ದಿರದ ಮನೆಯಲ್ಲಿ ಜಗಳ ಹುಟ್ಟುವುದಾದರೂ ಹೇಗೆ?

ನನಗೆ ಇದರ ಅಗತ್ಯ ಏಕೆ ಬಿತ್ತು ಎಂದು ಹೇಳಬೇಕಾದರೆ ಒಂದು ಹಳೆಯ ಗಾಯ ಕೆದಕಬೇಕು. ನನ್ನ ತವರು ಇಳಕಲ್, ಮಗ್ಗದ ಮನೆ. ಅವ್ವ ಕಂಡಿಕೆ ಸುತ್ತುತ್ತ ಹಾಡುತ್ತಿದ್ದಳು. ಬೀಸುವ ಪದ, ಕುಟ್ಟುವ ಪದ, ಸೋಬಾನ ಪದ. ಅಕ್ಷರ ಬಾರದವಳು. ಸೂಟಿಯಲ್ಲಿ ಹೋದಾಗ ನಾನು ಅವಳ ಮುಂದೆ ಕೂತು ನೋಟುಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಹುನಗುಂದದಲ್ಲಿ ‘ನುಡಿ’ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತಿದ್ದೆ. 217 ಪದ ಆದವು. 2014ರಲ್ಲಿ ಯಂತ್ರ ನಿಧಾನವಾಯಿತೆಂದು ಒಂದು ಅಂಗಡಿಗೆ ಕೊಟ್ಟೆವು. ಎರಡು ದಿನ ಬಿಟ್ಟು ಒರೆಸಿ ತಳತಳ ಮಾಡಿ ತಂದುಕೊಟ್ಟರು. “ಪೂರಾ ಫಾರ್ಮ್ಯಾಟ್ ಹೊಡದೀವ್ರಿ, ಈಗ ಹೊಸಾದರಂಗ ಓಡತೈತಿ.”

“ಅದರೊಳಗ ಹಾಡು ಇದ್ದುವಲ್ಲಪಾ?”

“ಹಾಡ ಏನ್ ದೊಡ್ಡ ಮಾತ್ರಿ ಅಕ್ಕೋರ, ಪೆನ್ ಡ್ರೈವ್ ಕೊಡ್ರಿ, ಹಳೇವು ಹೊಸಾವು ಎಲ್ಲಾ ತುಂಬಿ ಕೊಡತೀನಿ.”

ಅವನು ಸಿನೆಮಾ ಹಾಡು ಎಂದುಕೊಂಡಿದ್ದ. ಅವನನ್ನು ಬೈಯಲೂ ಆಗಲಿಲ್ಲ. ಉಳಿದ ನೋಟುಬುಕ್ಕು ಹುಡುಕಿ ಮತ್ತೆ ಕುಟ್ಟಿದೆ. ಆದರೆ ಮನೆ ಪಾಲಾದಾಗ ಎರಡು ನೋಟುಬುಕ್ಕು ಎಲ್ಲಿ ಹೋದವೋ ಸಿಗಲಿಲ್ಲ. ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. 131 ಪದ ಉಳಿದವು. ಅವ್ವನ ಬಾಯಲ್ಲಿದ್ದ ಇನ್ನುಳಿದ 86 ಪದ ನನ್ನ ಕೈಗೆ ಮತ್ತೆ ಎಂದೂ ಸಿಗುವುದಿಲ್ಲ. ಅಂದಿನಿಂದ ಯಾರಾದರೂ “ಪೂರಾ ತೆಗೆದುಬಿಡೋಣ” ಎಂದರೆ ನನ್ನ ಕೈ ತಾನಾಗಿ ಯಂತ್ರದ ಮೇಲೆ ಹೋಗುತ್ತದೆ.

ಈಗಿನ ಯಂತ್ರ 2016ರಲ್ಲಿ ಕೊಂಡದ್ದು, ಒಳಗೆ ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೇಕೆಂದು ಹೆಸರು ಹಚ್ಚಿದವರಿಗೆ ಭದ್ರತೆಯ ತೇಪೆಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುತ್ತೇವೆ ಎಂದರು, ಅಷ್ಟೇ. ತೇಪೆ ನಿಂತಿತೆಂದು ಯಂತ್ರ ನಿಲ್ಲುವುದಿಲ್ಲ. ಆದರೆ ಹೊಸ ಹೊಸ ಕಳ್ಳಕಿಂಡಿ ಪತ್ತೆಯಾದರೆ ಮುಚ್ಚುವವರಿರುವುದಿಲ್ಲ. ಬ್ಯಾಂಕಿನ ಕೆಲಸ, ಪಿಂಚಣಿಯ ಕೆಲಸ ಅಂಥದರಲ್ಲಿ ಮಾಡಲು ಯಾರಿಗಾದರೂ ಅಳುಕು. ಹಾಗಾದರೆ ವಿಂಡೋಸ್ 11 ಹಾಕಿರಿ ಎಂದರೆ ಅದು ನನ್ನ ಯಂತ್ರದ ಮೇಲೆ ಕೂರಲು ಒಪ್ಪದು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಪ್ರೊಸೆಸರ್ ಬೇಕು. ನನ್ನದು ಆರನೆಯ ಪೀಳಿಗೆಯದು. ಕೆಟ್ಟಿಲ್ಲ, ಕುಂಟಿಲ್ಲ, ಒಂದು ದಿನ ದವಾಖಾನೆ ಕಂಡಿಲ್ಲ. ಆದರೂ ಅಂಗಡಿಯಾತ ಹೇಳಿದ್ದು: “ಇದನ್ನ ಒಗದು ಹೊಸಾದು ತಗೋರಿ. ನಲವತ್ತೈದು ಸಾವಿರದಾಗ ಚೊಲೋದು ಬರತೈತಿ.”

ಇಳಕಲ್ಲಿನಲ್ಲಿ ನನ್ನ ತಂಗಿಗೆ ಸೀರೆ ಅಂಗಡಿ ಇದೆ. ಅವಳ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನಿಗೆ ಫೋನು ಹಚ್ಚಿದೆ. ಅವನು ಲಿನಕ್ಸಿನ ಪರಮಭಕ್ತ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಅದನ್ನು ಬರೆಯತೊಡಗಿದ್ದು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂದೆಲ್ಲ ಅರ್ಧ ತಾಸು ಹೇಳಿದ. ಸಂತೋಷ. ಕೊನೆಗೆ ಅವನ ಬಾಯಿಂದ ಬಂದದ್ದೇನು ಗೊತ್ತೇ? “ದೊಡ್ಡವ್ವ, ಆ ವಿಂಡೋಸ್ ಪೂರಾ ತಗದು ಒಗಿ. ಇಡೀ ಡಿಸ್ಕಿಗೆ ಲಿನಕ್ಸ್ ಹಾಕಿಬಿಡು.”

ನೋಡಿದಿರಾ! ಒಬ್ಬನಿಗೆ ಯಂತ್ರವನ್ನೇ ಒಗೆಯಬೇಕು, ಇನ್ನೊಬ್ಬನಿಗೆ ಒಳಗಿರುವುದನ್ನು ಒಗೆಯಬೇಕು. ಒಬ್ಬ ವ್ಯಾಪಾರಿ, ಇನ್ನೊಬ್ಬ ಆದರ್ಶವಾದಿ. ಒಗೆಯುವ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ನನ್ನ 131 ಪದ ಯಾವುದರಲ್ಲಿವೆ, ಅವು ಹೊಸದರಲ್ಲಿ ತೆರೆಯುತ್ತವೆಯೇ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಅವು ತೆರೆಯುವುದು ಅಷ್ಟು ಸುಲಭವಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ವಿಂಡೋಸಿಗೆಂದು ಮಾಡಿದ್ದು. ಅದರ ಹಳೆಯ ಆವೃತ್ತಿಗಳಲ್ಲಿ ಬರೆದದ್ದು ಯೂನಿಕೋಡಿನಲ್ಲಿ ಇಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ಚೂರುಗಳನ್ನು ಜೋಡಿಸಿಟ್ಟ ಹಾಗೆ. ಅದರದೇ ಅಕ್ಷರರೂಪ ಇಲ್ಲದಿದ್ದರೆ ಅವ್ವನ ಪದ ಹುಳ ಹರಿದಾಡಿದಂತೆ ಕಾಣುತ್ತದೆ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ನಿಜ. ಆದರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪುತ್ತವೆ. ನಮ್ಮ ಭಾಗದ ಆಡುಮಾತಿನ ಪದಗಳಲ್ಲಿ ತಪ್ಪಾದರೆ ಗುರುತಿಸುವವಳು ನಾನೊಬ್ಬಳೇ. ಎಡಗಡೆ ಹಳೆಯದು, ಬಲಗಡೆ ಹೊಸದು ಇಟ್ಟುಕೊಂಡು ಸಾಲು ಸಾಲಾಗಿ ತಿದ್ದಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಲ್ಲಿಯ ತನಕ ವಿಂಡೋಸ್ ಇರಬೇಕು, ಅಂತರ್ಜಾಲದ ಸಹವಾಸವಿಲ್ಲದೆ ತನ್ನ ಕೋಣೆಯಲ್ಲಿ. ಬ್ಯಾಂಕು, ಪತ್ರ, ಮೊಮ್ಮಗಳ ಜೊತೆ ವಿಡಿಯೋ ಮಾತು, ಇವೆಲ್ಲ ಲಿನಕ್ಸಿನಲ್ಲಿ. ಹಳೆಯದನ್ನು ಯಾವತ್ತು ಬಿಡಬೇಕು ಎಂಬುದನ್ನು ನಾನು ನಿರ್ಧರಿಸುತ್ತೇನೆ, ಅಂಗಡಿಯಾತನಲ್ಲ, ಬೆಂಗಳೂರಿನ ಭಕ್ತನೂ ಅಲ್ಲ. ನನ್ನ ಜಗಳವೆಲ್ಲ ಇರುವುದು ಇಷ್ಟಕ್ಕೇ.

ಇಳಕಲ್ಲ ಸೀರೆ ಉಡುವ ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕೆ? ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನದು ಹತ್ತಿ ಇರಬಹುದು, ಸೆರಗಿನದು ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೇ ಕೊಂಡಿ ಅನ್ನುವುದು. ಒಂದೊಂದು ಸೀರೆಗೂ ಬೇರೆ ಬೇರೆಯಾಗಿ ಹಾಸು ಹೂಡಿ ಒಂದೊಂದು ಸಲವೂ ಕೊಂಡಿ ಹಾಕಬೇಕು. ನಮ್ಮ ಅಪ್ಪ ಮಗ್ಗದ ಮುಂದೆ ಕೂತು ಕಣ್ಣು ಕಿರಿದು ಮಾಡಿ ಕೊಂಡಿ ಹಾಕುತ್ತಿದ್ದುದು ನನಗೆ ಈಗಲೂ ಕಾಣುತ್ತದೆ. “ಎರಡು ನಮೂನಿ ನೂಲು ಒಂದ ಸೀರ್ಯಾಗ ಹೆಂಗ ಇರತಾವ” ಎಂದು ಯಾರಾದರೂ ಕೇಳಿದ್ದರೆ ಅವನು ತಲೆ ಎತ್ತಿ ನೋಡುತ್ತಲೂ ಇರಲಿಲ್ಲ.

ಕೆಲಸ ಶುರು ಮಾಡುವ ಮುಂಚೆ ನಾನು ಬಾದಾಮಿಗೆ ಹೋದೆ. ಅಲ್ಲಿ ನನ್ನ ಗೆಳತಿ ಇದ್ದಾಳೆ, ನಿವೃತ್ತ ಇತಿಹಾಸ ಉಪನ್ಯಾಸಕಿ. ಅವಳ ಮನೆಯಲ್ಲಿ ಇಂಟರ್ನೆಟ್ ಜೋರಾಗಿದೆ, ನಮ್ಮಲ್ಲಿ ಇಲ್ಲ. ಲಿನಕ್ಸ್ ಮಿಂಟ್ ಎಂಬ ನಮೂನೆಯನ್ನು ಇಳಿಸಿಕೊಂಡೆವು, ಸುಮಾರು 3 ಜಿಬಿ. ಅದನ್ನು 8 ಜಿಬಿಯ ಪೆನ್ ಡ್ರೈವಿಗೆ ಬರೆದೆವು. ಅದು ಇಳಿಯುವವರೆಗೆ ನವನಗರದ ಅಂಗಡಿಯ ಮಾತು ಹೇಳಿದೆ. ಅವಳು ಚಹಾದ ಕಪ್ಪು ಕೆಳಗಿಟ್ಟು, “ಆ ಮನಶಾನ್ನ ಪಟ್ಟದಕಲ್ಲಿಗೆ ಕರಕೊಂಡು ಹೋಗು” ಅಂದಳು. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನಿಗೆ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿ ಎಂಬ ಇಬ್ಬರು ರಾಣಿಯರು, ಒಡಹುಟ್ಟಿದ ಅಕ್ಕತಂಗಿಯರು. ರಾಜ ಕಂಚಿಯ ಪಲ್ಲವರನ್ನು ಗೆದ್ದದ್ದಕ್ಕೆ ಅಕ್ಕ ವಿರೂಪಾಕ್ಷ ಗುಡಿ ಕಟ್ಟಿಸಿದಳು, ತಂಗಿ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. ಎಂಟನೆಯ ಶತಮಾನದ ಆ ಎರಡೂ ಗುಡಿ ಇಂದಿಗೂ ಒಂದೇ ಅಂಗಳದಲ್ಲಿ ನಿಂತಿವೆ. (ಒಬ್ಬ ರಾಜನಿಗೆ ಇಬ್ಬರು ರಾಣಿಯರಿದ್ದುದು ಸರಿಯೋ ತಪ್ಪೋ ಎಂಬುದು ಬೇರೆ ಮಾತು, ಅದು ರಾಜನನ್ನು ಕೇಳಬೇಕಾದದ್ದು.)

ಮನೆಗೆ ಬಂದು ಮೊದಲು ಮಾಡಿದ್ದು ಪದಗಳ ಕಡತಗಳನ್ನೆಲ್ಲ ಎರಡು ಕಡೆ ನಕಲು ತೆಗೆದದ್ದು. ಒಂದು ನನ್ನ ಟ್ರಂಕಿನಲ್ಲಿ, ಒಂದು ನೆಗೆಣ್ಣಿಯ ಮನೆಯ ಕಪಾಟಿನಲ್ಲಿ. ಇದನ್ನು ಮಾಡದೆ ಮುಂದಿನ ಹೆಜ್ಜೆ ಇಡಬೇಡಿರಿ. ಕೈ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಆಮೇಲೆ ವಿಂಡೋಸಿನ ಒಳಗಿನಿಂದಲೇ ಅದರ ಜಾಗವನ್ನು ಕಿರಿದು ಮಾಡಿ, 500 ಜಿಬಿ ಡಿಸ್ಕಿನಲ್ಲಿ 100 ಜಿಬಿ ಖಾಲಿ ಬಿಡಿಸಿಕೊಂಡೆ. ವಿಂಡೋಸಿಗೆ ಒಂದು ಕಪಟ ಇದೆ: ಬೇಗ ಏಳಲೆಂದು ಪೂರ್ತಿ ಮಲಗದೆ ಅರ್ಧ ಕಣ್ಣು ಮುಚ್ಚಿ ಬಿದ್ದಿರುತ್ತದೆ. ‘ಫಾಸ್ಟ್ ಸ್ಟಾರ್ಟಪ್’ ಅನ್ನುತ್ತಾರೆ. ಅದನ್ನು ಬಂದ್ ಮಾಡದಿದ್ದರೆ ಅದರ ಕೋಣೆಯ ಕಡತಗಳನ್ನು ತಿದ್ದಲು ಲಿನಕ್ಸಿಗೆ ಆಗುವುದಿಲ್ಲ. ಮಾಡಿದೆ. ಪೆನ್ ಡ್ರೈವ್ ಚುಚ್ಚಿ ಯಂತ್ರ ಎಬ್ಬಿಸಿದೆ. ಹಾಕಿಕೊಳ್ಳುವಾಗ ಅದೇ ಕೇಳುತ್ತದೆ: ವಿಂಡೋಸಿನ ಪಕ್ಕದಲ್ಲಿ ಕೂರಲೋ, ಡಿಸ್ಕನ್ನೆಲ್ಲ ಅಳಿಸಲೋ? ಒಂದರ ಕೆಳಗೆ ಒಂದು ಎರಡು ಸಾಲು. ಅಲ್ಲಿ ನಾನು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಬೀಗರ ಮನೆಯ ಪತ್ರವನ್ನೂ ನಾನು ಅಷ್ಟು ಜಾಗ್ರತೆಯಿಂದ ಓದಿದವಳಲ್ಲ. ‘ಪಕ್ಕದಲ್ಲಿ’ ಎಂಬುದನ್ನು ಒತ್ತಿದೆ. ಅರ್ಧ ತಾಸು. ಮುಗಿಯಿತು.

ಹೊಸ ಕಂಪ್ಯೂಟರ್ ಇರುವವರಿಗೆ ಒಂದು ಮಾತು. ವಿಂಡೋಸ್ 11ರ ಎಷ್ಟೋ ಯಂತ್ರಗಳಲ್ಲಿ ಡಿಸ್ಕು ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಬಿಟ್‌ಲಾಕರ್ ಎಂದು ಅದರ ಹೆಸರು. ಅದರ ಉದ್ದನೆಯ ಕೀಲಿಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಇದಕ್ಕೆ ಕೈ ಹಾಕಬೇಡಿರಿ.

ತೊಂದರೆಯೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ನನ್ನ ಯಜಮಾನರು ಹಿಂದೆ ನಿಂತು, “ಕೆಡಿಸಿದಿ?” ಅಂದರು. ಕೆಟ್ಟಿರಲಿಲ್ಲ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಕಾಲಕ್ಕೆ ಹೊಂದಿಸಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಕಾಲ ಎಂದು ಓದುತ್ತದೆ. ನಮಗೂ ಜಾಗತಿಕ ಕಾಲಕ್ಕೂ ಐದೂವರೆ ತಾಸಿನ ಅಂತರ. ಉಪ್ಪಿನ ಡಬ್ಬಿಯ ಜಗಳವೆಂದರೆ ಇದೇ! ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಅದೂ ಸ್ಥಳೀಯ ಕಾಲವನ್ನೇ ಇಡುತ್ತದೆ. ಇದಕ್ಕಿಂತ ದೊಡ್ಡದೂ ಆಗಿದೆ. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಬಿಟ್ಟ ಒಂದು ಭದ್ರತಾ ತೇಪೆಯಿಂದ ಎರಡೂ ವ್ಯವಸ್ಥೆ ಇದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಪೂರ್ತಿ ಸರಿಹೋಗಲು 2025ರ ಮೇ ತಿಂಗಳು ಬರಬೇಕಾಯಿತು. ಆದ್ದರಿಂದ ಆ ಪೆನ್ ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಿರಿ. ಬಾಗಿಲು ತೆರೆಯದ ದಿನ ಹಿತ್ತಲ ಬಾಗಿಲಾಗಿ ಒದಗುತ್ತದೆ.

ಇಷ್ಟೆಲ್ಲ ತೊಂದರೆ ಹೆಂಗಸರಿಗೆ ಏಕೆ ಎನ್ನುವವರಿದ್ದಾರೆ. ಅಂಗಡಿಯಲ್ಲಿ ನಕ್ಕ ನಾಲ್ವರೂ ಅವರೇ. ಅವರಿಗೆ ನಾನು ಕಾಸರಗೋಡು ತೋರಿಸುತ್ತೇನೆ. ಕೇರಳ ಸರಕಾರ 2001ರಲ್ಲಿ ಐಟಿ@ಸ್ಕೂಲ್ ಎಂಬ ಯೋಜನೆ ಶುರು ಮಾಡಿತು. 2017ರಿಂದ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಅಲ್ಲಿಯ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸಿನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ, ಅದರ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಹತ್ತು ವರ್ಷದ ಹುಡುಗಿಗೆ ಬರುವುದು ಅರವತ್ತು ದಾಟಿದ ಗಣಿತದ ಟೀಚರಿಗೆ ಬಾರದೆ?

ನಮ್ಮಲ್ಲೂ ಆಗಿರಲಿಲ್ಲ ಎಂದಲ್ಲ. 2010ರ ದಶಕದಲ್ಲಿ ಸರಕಾರಿ ಪ್ರೌಢಶಾಲೆಯ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ನಡೆಯಿತು. ಉಬುಂಟು ಎಂಬ ಲಿನಕ್ಸನ್ನೂ ರೇಖಾಗಣಿತ ಕಲಿಸುವ ಜಿಯೋಜಿಬ್ರಾವನ್ನೂ ನಾನು ಮೊದಲು ಮುಟ್ಟಿದ್ದು ಅಲ್ಲೇ. ತರಬೇತಿ ಮುಗಿಸಿ ಸಾಲೆಗೆ ಬಂದೆ. ಕಂಪ್ಯೂಟರ್ ಕೋಣೆಯ ಕೀಲಿ ಯಾರ ಕೈಯಲ್ಲಿತ್ತು ಎಂದು ಹೇಳಬೇಕೆ? ಯಾವತ್ತೂ ಒಬ್ಬ ಸರ್ ಕೈಯಲ್ಲಿ. “ಅಕ್ಕೋರ, ನೀವು ಮುಟ್ಟಿದರ ಏನರ ಆದೀತು” ಎಂಬ ಕಾಳಜಿ. ಮನೆಗೆ ಬಂದರೆ ಮಗನ ಕಾಳಜಿ. ಅಂಗಡಿಗೆ ಹೋದರೆ ಅಂಗಡಿಯಾತನ ಕಾಳಜಿ. ಮಿಕ್ಸರು ಕೆಟ್ಟರೆ ನಾವೇ ಬಿಚ್ಚುತ್ತೇವೆ, ಹೊಲಿಗೆಯಂತ್ರದ ಬಾಬಿನ್ ಸಿಕ್ಕಿದರೆ ನಾವೇ ಬಿಡಿಸುತ್ತೇವೆ, ಗ್ಯಾಸಿನ ರೆಗ್ಯುಲೇಟರನ್ನು ಮೂಗು ಹಿಡಿದು ನಾವೇ ಬದಲಿಸುತ್ತೇವೆ. ಸಿಡಿದರೆ ಸಾಯುವ ಸಾಮಾನು ನಮ್ಮ ಪಾಲಿಗೆ, ಒತ್ತಿದರೆ ಮಿನುಗುವ ಸಾಮಾನು ಅವರ ಪಾಲಿಗೆ. ಈ ಪಾಲುಪಟ್ಟಿ ಮಾಡಿದವರು ಯಾರು ಎಂದು ಒಮ್ಮೆಯಾದರೂ ಕೇಳಬೇಡವೆ?

ಲಿನಕ್ಸಿನಲ್ಲಿ ಕನ್ನಡ ಬರೆಯಲು ಏನನ್ನೂ ಹೊಸದಾಗಿ ಹಾಕಬೇಕಾಗಲಿಲ್ಲ. ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂದೇ ಇದೆ. ‘ನುಡಿ’ಯಲ್ಲಿ ಕೂತ ಬೆರಳಿಗೆ ಅದೇ ಹಾದಿ. ಮೊದಲ ರಾತ್ರಿ ಅವ್ವನ ಒಂದು ಪದವನ್ನು ಹಳೆಯ ಮುದ್ರಿತ ಹಾಳೆ ನೋಡಿಕೊಂಡು ಅಲ್ಲಿ ಕುಟ್ಟಿದೆ. ನೆಗೆಣ್ಣಿ ಬಂದು ಪಕ್ಕದಲ್ಲಿ ಕೂತಳು. ಓದಿ ಹೇಳಿದಾಗ, “ಐದನೇ ನುಡಿ ತಪ್ಪೇತಿ, ನಿಮ್ಮವ್ವ ಅದನ್ನ ಹಂಗ ಹಾಡತಿದ್ದಿಲ್ಲ” ಎಂದು ತಿದ್ದಿದಳು. ನಮ್ಮ ಮನೆಗೆ ಅವ್ವ ಬಂದಾಗಲೆಲ್ಲ ಬೀಸುಕಲ್ಲಿನ ಮುಂದೆ ಜೊತೆಗೆ ಕೂತವಳು ಅವಳೇ ಅಲ್ಲವೆ! ನನಗೆ ಇದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಕಳೆದುಹೋದ 86ರಲ್ಲಿ ಅವಳಿಗೆ ಎಷ್ಟು ನೆನಪಿವೆಯೋ! ಅವತ್ತೇ ರಾತ್ರಿ ಮೂರು ಹೇಳಿದಳು. ಈಗ ಹನ್ನೊಂದು ಆಗಿವೆ.

ಬರುವ ವಾರ ಪೆನ್ ಡ್ರೈವ್ ತಗೊಂಡು ಇಳಕಲ್ಲಿಗೆ ಹೊರಟಿದ್ದೇನೆ. ತಂಗಿಯ ಅಂಗಡಿಯ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ, ಅದಕ್ಕೆ ವಿಂಡೋಸ್ ಬೇಕೇ ಬೇಕು. ಆದ್ದರಿಂದ ಅಲ್ಲಿಯೂ ಇಬ್ಬರನ್ನೂ ಇಡುತ್ತೇವೆ. ಮೊದಲು ಲೆಕ್ಕದ ನಕಲು ತೆಗೆದಿಡು, ನಾನು ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. “ಸೋಮವಾರ ಬ್ಯಾಡಕ್ಕ, ಅವತ್ತು ನೇಕಾರ್ರಿಗೆ ಕೂಲಿ ಕೊಡೂದೈತಿ. ಮಂಗಳವಾರ ಬಾ. ಬರುವಾಗ ನಿನ್ನ ನೆಗೆಣ್ಣಿನ್ನೂ ಕರಕೊಂಡು ಬಾ, ಆಕೀ ಕೈಯಾನ ಶೇಂಗಾ ಚಟ್ನಿ ತಿಂದು ಭಾಳ ದಿನ ಆತು” ಅಂದಳು.